ಮಕ್ಕಳ ಮುಂಗೈ ಮುರಿತ: ಪ್ಲಾಸ್ಟರ್ ಹಾಕಿದ ಮೇಲಿನ ಎರಡು ವಾರ



ಉತ್ತರಾಯಣ ಬಂತೆಂದರೆ ನಮ್ಮ ವರಾಛಾದ ತಾರಸಿಗಳೆಲ್ಲ ಮಕ್ಕಳಿಂದ ತುಂಬುತ್ತವೆ. ಜನವರಿ 14 ಮತ್ತು 15, ಎರಡೂ ದಿನ ಕಣ್ಣು ಗಾಳಿಪಟದ ಮೇಲೆ, ಕಾಲು ಎಲ್ಲೋ. ಬೀಳುವ ಮಗು ಕೈಯೂರುತ್ತದೆ. ಮೈಭಾರವೆಲ್ಲ ಮುಂಗೈಗೆ ತಗಲುತ್ತದೆ. ನಾನು ವೈದ್ಯನಲ್ಲ, ನಿವೃತ್ತ ಬ್ಯಾಂಕ್ ಅಧಿಕಾರಿ. ಆದರೂ ತಂದೆತಾಯಿಗಳೂ ದಾನಿಗಳೂ ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ಹೇಳುತ್ತೇನೆ.

ಮುಂಗೈಯಲ್ಲಿ ರೇಡಿಯಸ್, ಅಲ್ನಾ ಎಂಬ ಎರಡು ಮೂಳೆಗಳಿವೆ. ಮಕ್ಕಳ ಮೂಳೆ ಹಸಿಕಡ್ಡಿಯಂತೆ. ಎಷ್ಟೋ ಸಲ ಒಂದು ಬದಿ ಸೀಳಿ, ಇನ್ನೊಂದು ಬದಿ ಬಾಗುತ್ತದೆಯಷ್ಟೆ. ಹೀಗಾಗಿ ಹೆಚ್ಚಿನ ಮಕ್ಕಳಿಗೆ ಆಪರೇಷನ್ ಬೇಕಾಗುವುದಿಲ್ಲ. ಮೂಳೆ ಜರುಗಿದ್ದರೆ ನೋವು ಗೊತ್ತಾಗದಂತೆ ಔಷಧ ಕೊಟ್ಟು, ನೇರ ಮಾಡಿ, ಸಾಮಾನ್ಯವಾಗಿ 4ರಿಂದ 6 ವಾರ ಪ್ಲಾಸ್ಟರ್ ಹಾಕುತ್ತಾರೆ. ಡಚ್ ಸೇನಾ ವೈದ್ಯ ಮಾಥೈಸನ್ 1852ರಲ್ಲಿ ತಿಳಿಸಿಕೊಟ್ಟ ಈ ಅಗ್ಗದ ವಿಧಾನ ಇಂದಿಗೂ ನಡೆದಿದೆ.

ಆದರೆ ಪ್ಲಾಸ್ಟರ್ ಹಾಕಿದಲ್ಲಿಗೆ ಚಿಕಿತ್ಸೆ ಮುಗಿಯುವುದಿಲ್ಲ.

ಮೊದಲ ಎರಡು ದಿನ ಕೈ ಊದುತ್ತದೆ. ಕೈಯನ್ನು ದಿಂಬಿನ ಮೇಲೆ ಎತ್ತರಿಸಿಡಿ, ಬೆರಳಾಡಿಸಲು ಹೇಳಿ. ನೋವು ಏರುತ್ತಲೇ ಹೋದರೆ, ಬೆರಳು ಚಾಚಿದಾಗ ಮಗು ಚೀರಿದರೆ, ಬೆರಳು ತಣ್ಣಗಾಗಿ ಬಿಳಿಚಿದರೆ, ನೀಲಿಯಾದರೆ ಅಥವಾ ಜೋಮು ಹಿಡಿದರೆ ಬೆಳಗಾಗುವವರೆಗೆ ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಹೋಗಿ. ಬಿಗಿ ಕಟ್ಟಿನೊಳಗೆ ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ, ಬೆರಳುಗಳು ಶಾಶ್ವತವಾಗಿ ಮಡಚಿಕೊಳ್ಳಬಹುದು. ನಾಟಿ ಪದ್ಧತಿಯ ಬಿದಿರುಪಟ್ಟಿ ಕಟ್ಟಿಗೂ ಇದೇ ಎಚ್ಚರಿಕೆ.

ಎರಡನೆಯದು, ಊತ ಇಳಿದಂತೆ ಪ್ಲಾಸ್ಟರ್ ಸಡಿಲವಾಗಿ, ಕೂಡಿಸಿದ ಮೂಳೆ ಒಳಗೇ ಮತ್ತೆ ಜರುಗಬಹುದು. ಹೊರಗಿನಿಂದ ಏನೂ ಕಾಣದು. ಆದ್ದರಿಂದಲೇ ಮೊದಲ ಎರಡು ವಾರದೊಳಗೆ ವೈದ್ಯರು ಮತ್ತೆ ಎಕ್ಸ್‌ರೇಗೆ ಕರೆಯುತ್ತಾರೆ. ಆಗ ಗೊತ್ತಾದರೆ ಸರಿಪಡಿಸುವುದು ಸುಲಭ. ತಡವಾದರೆ ಮೂಳೆ ಸೊಟ್ಟಗೆ ಕೂಡಿಕೊಂಡುಬಿಡುತ್ತದೆ. ಎಳೆಯ ಮಕ್ಕಳಲ್ಲಿ ಸ್ವಲ್ಪ ಬಾಗು ಬೆಳೆಯುತ್ತಾ ನೇರವಾಗುತ್ತದೆ, ಆದರೆ ತಿರುಚಿಕೊಂಡು ಕೂಡಿದ ಮೂಳೆ ತಾನಾಗಿ ಸರಿಹೋಗುವುದಿಲ್ಲ. ಅಂಥ ಮಗುವಿಗೆ ಮುಂದೆ ಅಂಗೈ ಮೇಲೆ ಮಾಡಿ ತೀರ್ಥ ತೆಗೆದುಕೊಳ್ಳುವುದೂ ಕಷ್ಟವಾಗಬಹುದು.

ಈ ಎರಡನೇ ಭೇಟಿಯೇ ಬಡ ಕುಟುಂಬಗಳಲ್ಲಿ ತಪ್ಪಿಹೋಗುವುದು. ನೋವು ನಿಂತಿರುತ್ತದೆ, ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಮೇಲೆ ರಿಕ್ಷಾ ಬಾಡಿಗೆ. ಹತ್ತಿರದಲ್ಲಿ ಪಾಲಿಕೆಯ ಸ್ಮಿಮೇರ್, ಮಜೂರಾ ಗೇಟಿನಲ್ಲಿ ಸರ್ಕಾರದ ನ್ಯೂ ಸಿವಿಲ್ ಆಸ್ಪತ್ರೆ ಇವೆ, ನಿಜ. ಆಯುಷ್ಮಾನ್ ಕಾರ್ಡಿನ ಮಿತಿಯನ್ನು ಗುಜರಾತ್ ಸರ್ಕಾರ 2023ರಲ್ಲಿ 10 ಲಕ್ಷ ರೂಪಾಯಿಗೆ ಏರಿಸಿದೆ. ಆದರೆ ಆ ಕಾರ್ಡು ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಹೊರರೋಗಿಯ ಓಡಾಟಕ್ಕೂ ಕಳೆದ ಕೂಲಿಗೂ ಅಲ್ಲ.

ಸಾಲ ಮಂಜೂರು ಮಾಡಿ ಆಮೇಲೆ ತಿರುಗಿ ನೋಡದಿದ್ದರೆ ಖಾತೆ ಕೆಡುತ್ತದೆ ಎಂಬುದು ಬ್ಯಾಂಕಿನಲ್ಲಿ ದುಡಿದವರಿಗೆಲ್ಲ ಗೊತ್ತು. ಮಗುವಿನ ಕೈಯೂ ಹಾಗೆಯೇ. ದೊಡ್ಡ ಆಪರೇಷನ್ನಿಗೆ ಕೈಬಿಚ್ಚಿ ಕೊಡುವ ನಾವು, ಈ ಸಣ್ಣ ಖರ್ಚಿಗೂ ವೈದ್ಯಕೀಯ ನೆರವು ನಿಧಿಯಲ್ಲಿ ಒಂದು ಪಾಲು ಇಡೋಣ. ಸಮಯಕ್ಕೆ ಸಿಕ್ಕ ನೂರಿನ್ನೂರು ರೂಪಾಯಿ ಒಂದು ಮಗುವಿನ ಕೈ ಉಳಿಸಬಲ್ಲದು. ತಮ್ಮ ಕಾಣಿಕೆಯನ್ನು ಸಂಘದ ಖಜಾಂಚಿಯವರಿಗೆ ತಲುಪಿಸಿ, ರಸೀದಿ ಪಡೆಯಬೇಕಾಗಿ ವಿನಂತಿ.