ಪಾರ್ಲರಿನ ಕುರ್ಚಿಯಲ್ಲಿ ಕೂರುವ ಮುಂಚೆ

ಪುಟ್ಟಿ, ಮದುವೆಗೆ ಮುಂಚೆ ಕೂದಲು ನೆಟ್ಟಗೆ ಮಾಡಿಸಬೇಕು ಅಂತಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ಬೇಡ ಅನ್ನೋದಕ್ಕಲ್ಲ ಈ ಕಾಗದ. ತಲೆ ನಿನ್ನದು, ತೀರ್ಮಾನವೂ ನಿನ್ನದೇ. ಆದರೆ ಏನು ಹಚ್ಚುತ್ತಾರೆ ಅಂತ ತಿಳಿಯದೆ ಆ ಕುರ್ಚಿಯಲ್ಲಿ ಕೂರಬೇಡ.

ರೀಬಾಂಡಿಂಗ್‌ಗೆ ಹಚ್ಚುವ ಕ್ರೀಮಿನಲ್ಲಿ ಸಾಮಾನ್ಯವಾಗಿ ಇರುವುದು ಅಮೋನಿಯಂ ಥಯೋಗ್ಲೈಕೋಲೇಟ್. ಕೂದಲಿನ ಆಕಾರವನ್ನು ಹಿಡಿದಿಟ್ಟಿರುವ ಗಂಧಕದ ಕೊಂಡಿಗಳನ್ನು ಅದು ಬಿಡಿಸುತ್ತದೆ. ಆಮೇಲೆ ಬಿಸಿ ಐರನ್ನಿನಿಂದ ನೇರಕ್ಕೆ ಎಳೆದು, ಹೈಡ್ರೋಜನ್ ಪೆರಾಕ್ಸೈಡ್ ಇರುವ ನ್ಯೂಟ್ರಲೈಸರ್ ಹಚ್ಚಿ, ಕೊಂಡಿಗಳನ್ನು ಹೊಸ ಜಾಗದಲ್ಲಿ ಕೂಡಿಸುತ್ತಾರೆ. ಎಲ್ಲವೂ ಮರಳಿ ಕೂಡುವುದಿಲ್ಲ, ಅದಕ್ಕೇ ಕೂದಲು ಸೊರಗುತ್ತದೆ. ಇನ್ನು ಬುಡದಿಂದ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬರುವ ಹೊಸ ಕೂದಲು ಗುಂಗುರಾಗಿಯೇ ಬರುತ್ತದೆ. ಆರು ತಿಂಗಳಿಗೆ ಮೇಲೆ ಗುಂಗುರು, ಕೆಳಗೆ ನೇರ. ಅವೆರಡೂ ಸೇರುವ ಕಡೆ ಮುರಿಯುವುದು ಹೆಚ್ಚು. ಮತ್ತೆ ಮಾಡಿಸುವಾಗ ಮದ್ದು ಹಳೆಯ ಭಾಗದ ಮೇಲೂ ಬಿದ್ದರೆ ತುಂಡು ತುಂಡಾಗಿ ಬಾಚಣಿಗೆಗೆ ಬರುತ್ತದೆ.

ನನಗೆ ಹೆಚ್ಚು ಭಯ ಇರುವುದು 'ಕೆರಾಟಿನ್ ಟ್ರೀಟ್‌ಮೆಂಟ್' ಬಗ್ಗೆ. ಪೋಷಣೆ ಅನ್ನಿಸುವಂಥ ಹೆಸರು ಅದು. ಅದರ ಎಷ್ಟೋ ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್, ಇಲ್ಲವೇ ಬಿಸಿ ತಗುಲಿದಾಗ ಫಾರ್ಮಾಲ್ಡಿಹೈಡ್ ಬಿಡುವ ಮೆಥಿಲೀನ್ ಗ್ಲೈಕಾಲ್ ಇರುತ್ತದೆ. ಐರನ್ ಇಟ್ಟಾಗ ಏಳುವ ಹೊಗೆಯನ್ನು ನೀನೂ ಕುಡಿಯುತ್ತೀ, ದಿನವಿಡೀ ಅಲ್ಲೇ ನಿಂತು ದುಡಿಯುವ ಆ ಹುಡುಗಿಯೂ ಕುಡಿಯುತ್ತಾಳೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿದೆ. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ನಿರಪಾಯ ಅಲ್ಲ. ಮೂರು ಸಲ ಕೂದಲು ನೇರ ಮಾಡಿಸಿಕೊಂಡು, ಮೂರು ಸಲವೂ ಮೂತ್ರಪಿಂಡಕ್ಕೆ ಪೆಟ್ಟು ತಿಂದ 26 ವರ್ಷದ ಯುವತಿಯ ಬಗ್ಗೆ ಫ್ರಾನ್ಸಿನ ವೈದ್ಯರು 2024ರಲ್ಲಿ ಬರೆದರು. ನಿನ್ನ ವಯಸ್ಸೇ ಅವಳದೂ. ಅದಕ್ಕೇ ಬಾಟಲಿ ತೋರಿಸಿ ಅಂತ ಕೇಳು. ಅದರ ಮೇಲಿನ ಸಣ್ಣ ಅಕ್ಷರ ಓದು, ಫೋಟೋ ತೆಗೆದಿಟ್ಟುಕೋ. ತೋರಿಸದಿದ್ದರೆ ಎದ್ದು ಬಾ, ಸಂಕೋಚ ಬೇಡ.

ನಿನ್ನ ತಲೆಯನ್ನು ಹಕ್ಕಿಗೂಡು ಅಂತ ರೇಗಿಸಿದವರು ನಮ್ಮ ಮನೆಯಲ್ಲೂ ಇದ್ದಾರೆ, ನನಗೆ ಗೊತ್ತು. ತಪ್ಪು ಅವರದು. ಗುಂಗುರು ಕೂದಲಲ್ಲಿ ಬುಡದ ಜಿಡ್ಡು ತುದಿಯವರೆಗೆ ಇಳಿಯುವುದಿಲ್ಲ, ಹಾಗಾಗಿ ಒಣಗುತ್ತದೆ, ಕೆದರುತ್ತದೆ, ಅಷ್ಟೇ. ಒಣಗಿದಾಗ ಬಾಚಬೇಡ. ತೊಳೆಯುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚು, ದಾಸವಾಳದ ಎಲೆ ಹಿಸುಕಿದ ಲೋಳೆ ಹಾಕು. ಒದ್ದೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸು. ಹಳೇ ಹತ್ತಿ ಪಂಚೆಯಲ್ಲಿ ಒತ್ತಿ ಒರೆಸು, ಉಜ್ಜಬೇಡ. ಎರಡು ತಿಂಗಳು ಹೀಗೆ ಮಾಡಿ, ಕನ್ನಡಿ ನೋಡಿಕೊಂಡು ಆಮೇಲೆ ನಿರ್ಧಾರ ಮಾಡು. ಮೊಗ್ಗಿನ ಜಡೆ ಹಾಕುವವರನ್ನೂ ಒಮ್ಮೆ ಕೇಳು. ನುಣುಪು ಕೂದಲಲ್ಲಿ ಪಿನ್ನು ಜಾರುತ್ತದೆ, ನಿನ್ನಂಥ ದಟ್ಟ ಕೂದಲು ಭಾರದ ಜಡೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಅಷ್ಟಾದರೂ ಮಾಡಿಸಲೇಬೇಕು ಅನ್ನಿಸಿದರೆ ಮುಹೂರ್ತದ ವಾರದಲ್ಲಿ ಮಾತ್ರ ಬೇಡ. ರೀಬಾಂಡಿಂಗ್ ಆದಮೇಲೆ ಮೂರು ದಿನ ತೊಳೆಯುವಂತಿಲ್ಲ, ಕಟ್ಟುವಂತಿಲ್ಲ ಅನ್ನುತ್ತಾರೆ. ಮೆಹಂದಿ, ಡೈ ಏನೇ ಹಚ್ಚಿದ್ದರೂ ಮೊದಲೇ ಹೇಳು. ಒಂದು ಎಳೆಯ ಮೇಲೆ ಪರೀಕ್ಷೆ ಮಾಡಿಸು. ನೆತ್ತಿ ಉರಿದರೆ ತಡೆದುಕೊಂಡು ಕೂರಬೇಡ, ತಕ್ಷಣ ತೊಳೆಯಿರಿ ಅನ್ನು. ಮನೆಗೆ ಬಂದಮೇಲೆ ವಾಂತಿ, ಸೊಂಟ ನೋವು, ಜ್ವರ ಕಂಡರೆ ಆ ಬಾಟಲಿಯ ಫೋಟೋ ಹಿಡಿದುಕೊಂಡು ಅದೇ ದಿನ ಡಾಕ್ಟರ ಹತ್ತಿರ ಹೋಗು. ರಾತ್ರಿಯಾದರೂ ಸರಿ, ನನಗೆ ಫೋನ್ ಮಾಡು.

ನಿನ್ನ ದೊಡ್ಡಮ್ಮ