ಕೆಲಸದ ಸ್ಥಳದಲ್ಲಿ ಅಪಾಯ ಕಂಡರೆ ಹೇಳುವ ಬಗೆ

ಪ್ರತಿವರ್ಷವೂ ಏಪ್ರಿಲ್ 14ರಿಂದ ನಮ್ಮ ದೇಶದಲ್ಲಿ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸುವುದುಂಟು. ಆ ದಿನವನ್ನೇ ಆರಿಸಿಕೊಳ್ಳಲು ಕಾರಣವಾದ ಘಟನೆ ನಡೆದದ್ದು ನಮ್ಮ ಮುಂಬಯಿಯಲ್ಲಿಯೇ ಎಂಬುದು ಎಲ್ಲ ವಾಚಕರಿಗೂ ತಿಳಿದಿರಲಿಕ್ಕಿಲ್ಲ. 1944ರಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ಸುಮಾರು 1,400 ಟನ್ ಸ್ಫೋಟಕಗಳನ್ನೂ ಸಾವಿರಾರು ಹತ್ತಿಯ ಬೇಲುಗಳನ್ನೂ ಒಂದೇ ಒಡಲಲ್ಲಿ ತುಂಬಿಕೊಂಡು ವಿಕ್ಟೋರಿಯಾ ಗೋದಿಗೆ ಬಂದು ನಿಂತಿತ್ತು. ಏಪ್ರಿಲ್ 14ರ ಮಧ್ಯಾಹ್ನ ಹತ್ತಿಗೆ ಬೆಂಕಿ ಹತ್ತಿತು. ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆಯಲ್ಲಿ ಇನ್ನೊಮ್ಮೆ ಸಿಡಿಯಿತು. ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕರೂ ಗೋದಿಯ ಕೂಲಿಕಾರರೂ ನಾಗರಿಕರೂ ಸೇರಿ ನೂರಾರು ಜನ ಮಡಿದರು.

ಇದರಿಂದ ನಾವು ಕಲಿಯತಕ್ಕ ಪಾಠಗಳು ಎರಡು. ಕೂಲಿಕಾರರು ಊಟಕ್ಕೆ ಹೋಗಿದ್ದ ವೇಳೆಯಲ್ಲಿಯೇ ಸುತ್ತಲಿದ್ದ ಕೆಲವರಿಗೆ ಹೊಗೆಯ ಎಳೆ ಕಂಡಿತ್ತು. ಆದರೆ ಯಾರೂ ಕೂಗಿ ಹೇಳಲಿಲ್ಲ. ಸಂಬಂಧಪಟ್ಟವರು ನೋಡಿಕೊಂಡಾರು ಎಂದು ಪ್ರತಿಯೊಬ್ಬನೂ ಭಾವಿಸಿದರೆ ಕಂಡದ್ದು ಕಾಣದಂತೆಯೇ ಆಗುತ್ತದೆ. ಎರಡನೆಯದಾಗಿ, ಸುದ್ದಿ ತಿಳಿದ ಮೇಲೂ ಹಡಗನ್ನು ಮುಳುಗಿಸಬೇಕೇ, ಹೊರಗೆ ಎಳೆಯಬೇಕೇ, ನೀರು ಬಿಡುತ್ತಲೇ ಇರಬೇಕೇ ಎಂದು ಕೊನೆಯ ಮಾತು ಹೇಳುವವರು ಯಾರೆಂಬುದು ನಿರ್ಧಾರವಾಗಲಿಲ್ಲ. ಆದ್ದರಿಂದ ಅಪಾಯವನ್ನು ಹೇಳುವುದು ಎಷ್ಟು ಮುಖ್ಯವೋ, ತೀರ್ಮಾನ ಕೊಡಬಲ್ಲವನಿಗೆ ಹೇಳುವುದೂ ಅಷ್ಟೇ ಮುಖ್ಯ.

ಕಾನೂನು ಈ ವಿಷಯದಲ್ಲಿ ನಿಧಾನವಾಗಿ ಬೆಳೆದುಬಂದಿದೆ. 1948ರ ಕಾರ್ಖಾನೆಗಳ ಕಾಯಿದೆಯು ಯಂತ್ರಗಳಿಗೆ ರಕ್ಷಣಾ ಬೇಲಿ ಇರಬೇಕೆಂದು ಮಾಲಿಕರಿಗೆ ವಿಧಿಸಿತು. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತ ನಡೆಯಿತು. ಆ ಕಾರ್ಖಾನೆಯಲ್ಲಿ ಅದಕ್ಕೆ ಮೊದಲೇ ಅನಿಲ ಸೋರಿ ಕೆಲಸಗಾರನೊಬ್ಬನು ಸತ್ತಿದ್ದನು. ಕೆಲಸಗಾರರ ಸಂಘವು ಎಚ್ಚರಿಕೆ ಕೊಟ್ಟಿತ್ತು. ಆ ಮಾತು ಕಿವಿಗೆ ಬೀಳದೆ ಹೋದದ್ದರ ಫಲವನ್ನು ಊರೇ ಉಂಡಿತು. ಆಮೇಲೆ 1987ರ ತಿದ್ದುಪಡಿಯಿಂದ, ಒಡನೆ ಒದಗಬಹುದಾದ ಅಪಾಯವನ್ನು ಅಧಿಕಾರಿಗಳ ಗಮನಕ್ಕೆ ತರುವ ಹಕ್ಕು ಅಪಾಯಕಾರಿ ಉದ್ಯಮಗಳ ಕೆಲಸಗಾರರಿಗೆ ದೊರೆಯಿತು.

ಆ ಕಾಯಿದೆಯ ಸ್ಥಾನದಲ್ಲಿ ಈಗ 2020ರ ಉದ್ಯೋಗ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. ಇದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ವ್ಯಾಪಾರದ ಸ್ಥಳಗಳೂ ಇದರೊಳಗೆ ಸೇರುವುದರಿಂದ, ಹೋಟೆಲುಗಳಲ್ಲಿ ದುಡಿಯುವ ನಮ್ಮವರು ಇದನ್ನು ಅವಶ್ಯವಾಗಿ ತಿಳಿದಿರಬೇಕು. ಅಸುರಕ್ಷಿತ ಸ್ಥಿತಿ ಕಂಡರೆ ಮಾಲಿಕನಿಗೆ ತಿಳಿಸುವುದು ನೌಕರನ ಕರ್ತವ್ಯವೆಂದು ಈ ಸಂಹಿತೆ ಹೇಳುತ್ತದೆ. ಪ್ರಾಣಕ್ಕೋ ದೇಹಕ್ಕೋ ಒಡನೆ ಅಪಾಯವೆಂದು ತೋರಿದರೆ ಮಾಲಿಕನಿಗೆ ನೇರವಾಗಿಯಾಗಲಿ, ಸುರಕ್ಷತಾ ಸಮಿತಿಯ ಸದಸ್ಯನ ಮೂಲಕವಾಗಲಿ ತಿಳಿಸಿ, ಜೊತೆಯಲ್ಲಿಯೇ ಸರ್ಕಾರದ ನಿರೀಕ್ಷಕನಿಗೂ ತಿಳಿಸುವ ಹಕ್ಕು ಅವನಿಗಿದೆ. ಮಾಲಿಕನಿಗೆ ಮಾತು ನಿಜವೆನಿಸಿದರೆ ಕೂಡಲೆ ಸರಿಪಡಿಸಿ ನಿರೀಕ್ಷಕನಿಗೆ ವರದಿ ಕಳಿಸಬೇಕು; ಒಪ್ಪಿಗೆಯಾಗದಿದ್ದರೆ ವಿಷಯವನ್ನು ನಿರೀಕ್ಷಕನಿಗೆ ಒಪ್ಪಿಸಬೇಕು. ಅಲ್ಲಿ ನಿರೀಕ್ಷಕನ ತೀರ್ಮಾನವೇ ಕೊನೆಯದು.

ಇನ್ನು ಹೇಳುವ ಬಗೆ. ಗ್ಯಾಸು ಸೋರುವುದು, ಬೆಂಕಿ, ಕುಸಿಯುತ್ತಿರುವ ಸಾರುವೆ ಇಂಥವು ಕಂಡಲ್ಲಿ ಕಾಗದ ಬರೆಯುತ್ತ ಕೂರಬಾರದು. ಮೊದಲು ಕೂಗಿ ಎಲ್ಲರನ್ನೂ ದೂರ ಸರಿಸಬೇಕು. ಗ್ಯಾಸಿನ ವಾಸನೆ ಬಂದರೆ ವಿದ್ಯುತ್ ಗುಂಡಿಗಳನ್ನು ಮುಟ್ಟದೆ, ಹೊರಗೆ ಬಂದು 1906ಕ್ಕೂ, ಬೆಂಕಿಯಾದರೆ 101ಕ್ಕೂ ದೂರವಾಣಿ ಮಾಡಬೇಕು. ಉಳಿದ ಸಂಗತಿಗಳನ್ನು ಬಾಯಲ್ಲಿ ಹೇಳಿದ ಮೇಲೆ ಬರೆದೂ ಕೊಡುವುದು ಲೇಸು. ಬಾಯಿಮಾತು ಮುಕಾದಮನಲ್ಲಿಯೋ ಮ್ಯಾನೇಜರರಲ್ಲಿಯೋ ನಿಂತುಹೋಗುತ್ತದೆ, ಬರೆಹ ನಿಲ್ಲುವುದಿಲ್ಲ.

ಬರೆಹದಲ್ಲಿ ಏನು, ಎಲ್ಲಿ, ಯಾವಾಗ, ಯಾರಿಗೆ ಅಪಾಯ, ಏನಾಗಬೇಕು ಎಂಬ ಐದು ಅಂಶಗಳಿರಲಿ. ಒಂದು ಮಾದರಿ:

“ಮಾನ್ಯರೆ, ನಿನ್ನೆ ಬೆಳಿಗ್ಗೆ 6 ಗಂಟೆಗೆ ಅಡಿಗೆಮನೆಯ ಹಿಟ್ಟು ರುಬ್ಬುವ ಯಂತ್ರವನ್ನು ಮುಟ್ಟಿದಾಗ ಇಬ್ಬರಿಗೆ ಕರೆಂಟು ಹೊಡೆಯಿತು. ಅಲ್ಲಿನ ನೆಲ ಸದಾ ಒದ್ದೆಯಾಗಿರುವುದರಿಂದ ಯಾರ ಪ್ರಾಣಕ್ಕಾದರೂ ಅಪಾಯವಿದೆ. ಯಂತ್ರವನ್ನು ನಿಲ್ಲಿಸಿ, ತಂತಿ ಮತ್ತು ಅರ್ಥಿಂಗನ್ನು ಪರೀಕ್ಷೆ ಮಾಡಿಸಬೇಕಾಗಿ ವಿನಂತಿ.”

ಇಲ್ಲಿ ಯಾರ ಮೇಲೂ ದೋಷಾರೋಪಣೆಯಿಲ್ಲ, ಊಹೆಯ ಮಾತಿಲ್ಲ. ತಾರೀಖು ಹಾಕಿ, ಸಾಧ್ಯವಾದರೆ ಇಬ್ಬರು ಮೂವರು ಸಹಿ ಮಾಡಿ, ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳಬೇಕು. ಒಬ್ಬನೇ ಹೇಳಿದರೆ ಗೊಣಗುವವನೆಂಬ ಹೆಸರು ಬರಬಹುದು. ಹತ್ತು ಕೈ ಸೇರಿದರೆ ಅದು ಎಲ್ಲರ ಮಾತಾಗುತ್ತದೆ.

ಪರಿಹಾರವನ್ನೂ ತೂಗಿ ನೋಡಬೇಕು. ಯಂತ್ರದ ಮೇಲೆ “ಎಚ್ಚರಿಕೆ” ಎಂದು ಚೀಟಿ ಅಂಟಿಸಿದರೆ ಕರೆಂಟು ಹೊಡೆಯುವುದು ನಿಲ್ಲದು. ಅಪಾಯದ ಮೂಲವನ್ನೇ ತೆಗೆಯುವುದು ಉತ್ತಮ. ಅದಾಗದಿದ್ದರೆ ಅಡ್ಡಗಟ್ಟುವುದು ಮಧ್ಯಮ. ಕೈಚೀಲ, ಶಿರಸ್ತ್ರಾಣಗಳನ್ನು ಕೊಟ್ಟು ಜಾಗ್ರತೆಯಾಗಿರಿ ಎನ್ನುವುದು ಕೊನೆಯ ಉಪಾಯ. ದುರಸ್ತಿಯಾದ ಮೇಲೆ ದೂರು ಕೊಟ್ಟವನನ್ನೇ ಕರೆದು ತೋರಿಸುವ ಮಾಲಿಕನು ಜಾಣ. ಮುಂದಿನ ಅಪಾಯದ ಸುದ್ದಿ ಅವನಿಗೆ ಮೊದಲು ಮುಟ್ಟುತ್ತದೆ.

ಊರಿನಿಂದ ಹೊಸತಾಗಿ ಬಂದ ಹುಡುಗನಿಗೆ ಮರಾಠಿ ಹಿಂದಿ ಬಾರದು, ಕೆಲಸ ಹೋದೀತೆಂಬ ಭಯವೂ ಇರುತ್ತದೆ. ಅಪಾಯವನ್ನು ಮೊದಲು ಕಾಣುವವನು ಅನೇಕ ವೇಳೆ ಅವನೇ. ಅಂಥವನ ಮಾತನ್ನು ಕೇಳಿ, ಅವನ ಪರವಾಗಿ ನಾಲ್ಕು ಸಾಲು ಬರೆದು, ಅದರ ಕೆಳಗೆ ತಮ್ಮದೂ ಒಂದು ಸಹಿ ಹಾಕುವುದು ಓದು ಬಲ್ಲ ನಮ್ಮೆಲ್ಲರ ಕರ್ತವ್ಯ.