ಅಟ್ಟದ ಗಿಟಾರ್ ಇಳಿಸುವ ಮುನ್ನ

ಗೊಟ್ಟಿಗೆರೆಯ ಮನೆಯ ಅಟ್ಟಕ್ಕೆ ಗಿಟಾರ್ ಸೇರಿ ವರ್ಷಗಳಾದವೇ? ಮತ್ತೆ ವೇದಿಕೆ ಹತ್ತುವ ಆಸೆಯಿದ್ದರೆ ಸ್ವಂತ ಹಾಡು ಕಟ್ಟುವ ರಾಕ್ ಬ್ಯಾಂಡನ್ನೇ ಸೇರಿ. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್, ಆಮೇಲಿನ ಸ್ವರಾತ್ಮ ಬೆಂಗಳೂರಿನಲ್ಲಿ ಹೆಸರು ಮಾಡಿದ್ದು ಹಾಗೆಯೇ. ಹೊಸ ಹಾಡಿಗೆ ಹೋಲಿಕೆಯ ಕಾಟವಿಲ್ಲ. ಆದರೆ ನೋಡಿ ಕಲಿಯಲು ಏನೂ ಸಿಗದು. ಯಾರೋ ಮೊಬೈಲಿನಲ್ಲಿ ಗುನುಗಿ ಕಳಿಸಿದ ರೆಕಾರ್ಡಿಂಗೇ ಗತಿ.

ಮೊದಲು ತುಕ್ಕು ಹಿಡಿದ ತಂತಿ ಬದಲಿಸಿ. ಬೆರಳತುದಿ ಮತ್ತೆ ಜಡ್ಡುಗಟ್ಟಲು ಕೆಲವು ವಾರ ಬೇಕು. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಸೋಫಾದಲ್ಲಿ ಕೂತಲ್ಲ, ಬೆಲ್ಟ್ ಹಾಕಿಕೊಂಡು ನಿಂತೇ ನುಡಿಸಿ; ವೇದಿಕೆಯಲ್ಲಿ ಕೈ ಕೂರುವ ಕೋನವೇ ಬೇರೆ. ಜಾಮ್ ರೂಮಿನಲ್ಲಿ ಡ್ರಮ್ಸ್ ಪಕ್ಕ ನಿಲ್ಲುವಾಗ ಇಯರ್ ಪ್ಲಗ್ ಮರೆಯಬೇಡಿ, ಬ್ಯಾಂಡಿನ ಹುಡುಗರು ನಕ್ಕರೆ ನಗಲಿ. ಅಭ್ಯಾಸವನ್ನು ಭಾನುವಾರ ಬೆಳಿಗ್ಗೆಗೇ ಇಡಿಸಿ. ವಾರದ ದಿನಗಳ ಸಂಜೆ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ ನಂಬಿಕೊಂಡು ಯಾವ ಬ್ಯಾಂಡೂ ಉಳಿಯದು.